ಎಲ್ಲರ ಅಜ್ಜನ ಕನ್ನಡಕ

ಮಾತಾಡಿದ್ದಕ್ಕೆ ಸಂಬಳ ಕೊಡುವ ಕೆಲಸಗಳು ಲೋಕದಲ್ಲಿ ಹೆಚ್ಚಿಲ್ಲ. ಇರುವ ಕೆಲವುಗಳಲ್ಲಿ ಮೇಷ್ಟ್ರಿಕೆಯೂ ಒಂದು. ಆ ಕೆಲಸ ತನಗೆ ತಕ್ಕ ಆಳು ಹುಡುಕಿಕೊಂಡು ಬೀದಿ ಬೀದಿ ಅಲೆದು, ಕೊನೆಗೆ ಸರಿಯಾದ ಮನುಷ್ಯನನ್ನೇ ಹಿಡಿದು ತಂದಿತು ಎಂದು ಆ ಕಾಲೇಜಿನವರು ನಮ್ಮ ಮೇಷ್ಟ್ರನ್ನು ತೋರಿಸಿ ನಗುತ್ತಿದ್ದರು. ಅಲ್ಲಿ ಅವರಿಗೆ ರೇಡಿಯೋ ಮೇಷ್ಟ್ರು ಎಂದೇ ಹೆಸರು. ಬೆಳಿಗ್ಗೆ ಗೇಟಿನ ಹತ್ತಿರ ಶುರುವಾದ ಮಾತು ಮೆಟ್ಟಿಲು ಹತ್ತಿ, ವರಾಂಡ ದಾಟಿ, ತರಗತಿಯೊಳಗೆ ಬಂದರೂ ನಿಲ್ಲುತ್ತಿರಲಿಲ್ಲ. ಹಾಜರಿ ಕರೆಯುವಾಗಲೂ ಒಂದೊಂದು ಹೆಸರಿಗೆ ಒಂದೊಂದು ಕಥೆ.

ಆ ಕಾಲೇಜಿನಲ್ಲಿ ಏನು ಓದಲು ಬಂದವರಾದರೂ ಮೊದಲ ವರ್ಷ ಬರವಣಿಗೆಯ ತರಗತಿಗೆ ಕೂರಲೇಬೇಕು. ಲೆಕ್ಕದವರು, ಗಿಡಮರದವರು, ವ್ಯಾಪಾರದವರು, ಎಲ್ಲರೂ ಅಲ್ಲಿ ಕೂತು ತಮ್ಮ ಮಾತನ್ನು ನೆಟ್ಟಗೆ ನಾಲ್ಕು ಸಾಲಿನಲ್ಲಿ ಇಡುವುದನ್ನು ಕಲಿಯಬೇಕು. ಆ ತರಗತಿ ಮೇಷ್ಟ್ರದು. ದುಂಡು ಮೈ, ಜೇಬಿನ ಅಂಚಿಗೆ ಸದಾ ಮೆತ್ತಿಕೊಂಡ ಸೀಮೆಸುಣ್ಣ, ಕೈ ಬೀಸಿ ಬೀಸಿ ಹೇಳುವ ಕಥೆಗಳು. ಬೇರೆ ತರಗತಿಯ ಹುಡುಗರು ಕೂಡ ಕಿಟಕಿಗೆ ಜೋತುಬಿದ್ದು ಕೇಳುತ್ತಿದ್ದರು. ಮೇಷ್ಟ್ರಿಗೆ ಅದು ಹೊಟ್ಟೆ ತುಂಬ ಉಂಡಷ್ಟು ಖುಷಿ.

ಮನೆಯಲ್ಲಿ ಮಾತ್ರ ಅಷ್ಟು ಗಿರಾಕಿ ಇರಲಿಲ್ಲ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. "ಹಗಲೆಲ್ಲ ಜನರ ಕಣ್ಣು ನೋಡಿ ನೋಡಿ ಸಾಕಾಗಿರುತ್ತೆ. ಮನೆಗೆ ಬಂದರೆ ಕಿವಿಗಾದರೂ ರಜ ಕೊಡಬಾರದಾ?" ಎನ್ನುತ್ತಿದ್ದಳು. ಜೊತೆಗಿದ್ದ ಅತ್ತೆಯವರದು ಇನ್ನೂ ಸುಲಭದ ದಾರಿ. ಅವರಿಗೆ ಕಿವಿ ಮಂದ. ಕಿವಿಯ ಯಂತ್ರವಿತ್ತು. ಅಳಿಯಂದಿರು ಊಟಕ್ಕೆ ಕೂತು "ಇವತ್ತೇನಾಯ್ತು ಅಂದ್ರೆ" ಎಂದ ಕೂಡಲೇ ಅದನ್ನು ಮೆಲ್ಲಗೆ ತೆಗೆದು ತಟ್ಟೆಯ ಪಕ್ಕ ಇಟ್ಟು, ಕೊನೆತನಕ ತಲೆ ಆಡಿಸುತ್ತಾ ಉಣ್ಣುತ್ತಿದ್ದರು. "ನಮ್ಮತ್ತೆ ಥರ ಮನಸ್ಸಿಟ್ಟು ಕೇಳೋರು ಸಿಗಲ್ಲ" ಎಂದು ಮೇಷ್ಟ್ರು ಬಹಳ ಕಾಲ ನಂಬಿದ್ದರು.

ಅವರಿಗೆ ಇದ್ದದ್ದು ಒಂದೇ ಕೊರಗು. ಮಕ್ಕಳ ಪ್ರಬಂಧಗಳ ಕಟ್ಟು ಮೇಜಿಗೆ ಬಂದಾಗಲೆಲ್ಲ ಅಧ್ಯಾಪಕರ ಕೋಣೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು.

"ನೋಡ್ರೀ, ಇವನ ಅಜ್ಜನ ಕೋಲು ಬಾಗಿಲ ಸಂದಿಯಲ್ಲಿ ನಿಂತು ಯಾರನ್ನೋ ಕಾಯ್ತಾ ಇದೆ. ಇವಳ ಅಜ್ಜಿ ಚಪ್ಪಲಿ ಮೆಟ್ಟಿಲ ಮೇಲೆ ಕೂತು ದಾರಿ ನೋಡ್ತಾ ಇದೆ. ಇವನದು ಚಿಕ್ಕಪ್ಪನ ಟೋಪಿ! ಗೂಟದಲ್ಲಿ ನೇತಾಡ್ಕೊಂಡು ನಿಟ್ಟುಸಿರು ಬಿಡ್ತಾ ಇದೆ. ಅಲ್ಲಾ, ಇಷ್ಟು ಮಕ್ಕಳ ಮನೆಯಲ್ಲಿ ಒಬ್ಬರಾದ್ರೂ ಮುದುಕರು ಬದುಕಿರಬಾರದೇನ್ರೀ?"

"ಒಬ್ಬರದು ಒಬ್ಬರು ನೋಡಿ ಇಳಿಸ್ತಾರೆ ಬಿಡಿ ಮೇಷ್ಟ್ರೇ" ಎನ್ನುತ್ತಿದ್ದರು ಲೆಕ್ಕದ ಮೇಷ್ಟ್ರು.

"ಸ್ವಂತದ್ದು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ ಈ ಮಕ್ಕಳಿಗೆ? ಗಂಟಲು ಹರಿಯೋ ಹಾಗೆ ಹೇಳ್ತೀನಿ, ನಿಮ್ಮದೇ ಬರೀರಪ್ಪಾ ಅಂತ."

ಮೂಲೆಯ ಕುರ್ಚಿಯಲ್ಲಿ ಹೊಸ ಮೇಡಂ ಟೀ ಲೋಟದ ಅಂಚಿನ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದಳು. ಬಂದು ಕೆಲವು ವರ್ಷಗಳೇ ಆಗಿದ್ದರೂ ಅವಳು ಇನ್ನೂ ಹೊಸ ಮೇಡಂ. ಅವಳದೂ ಬರವಣಿಗೆಯ ತರಗತಿಯೇ, ಪಕ್ಕದ ಕೋಣೆಯಲ್ಲಿ. ಕೆಲಸಕ್ಕೆ ಸೇರಿದ ದಿನ ಮೇಷ್ಟ್ರ ಬಳಿ ಬಂದು, "ಸರ್, ನಾನು ನಿಮ್ಮ ವಿದ್ಯಾರ್ಥಿನಿ. ನೀವು ಮೊದಲು ಸಂಜೆ ಕಾಲೇಜಿಗೆ ಪಾಠಕ್ಕೆ ಬರ್ತಿದ್ರಲ್ಲ, ಅಲ್ಲಿ" ಎಂದಿದ್ದಳು. "ಹೌದಾ ತಾಯಿ!" ಎಂದ ಮೇಷ್ಟ್ರು ಆ ಸಂಜೆ ಕಾಲೇಜಿನ ಸೋರುವ ಛಾವಣಿ, ಗೂಬೆ ಹೊಕ್ಕ ಕೋಣೆ, ಸಂಬಳ ಕೊಡದ ಗುಮಾಸ್ತ, ಎಲ್ಲವನ್ನೂ ಹೇಳಿ ನಗಿಸಿದ್ದರು. ಅವಳು ಅಲ್ಲಿ ಏನು ಬರೆಯುತ್ತಿದ್ದಳು, ಹೇಗೆ ಕಲಿತಳು ಎಂದು ಕೇಳಲು ನೆನಪಾಗಿರಲಿಲ್ಲ.

ಹೀಗಿರುವಾಗ ಪ್ರಾಂಶುಪಾಲರು ಒಂದು ಹೊಸ ಪದ್ಧತಿ ತಂದರು. ಬರವಣಿಗೆ ಕಲಿಸುವವರು ಒಬ್ಬರ ತರಗತಿಯಲ್ಲಿ ಒಬ್ಬರು ಕೂರಬೇಕು. ಕೂತವರು ಕಂಡದ್ದು ಕೇಳಿದ್ದನ್ನಷ್ಟೇ ಬರೆಯಬೇಕು. ಒಳ್ಳೆಯದು ಕೆಟ್ಟದ್ದು ಎನ್ನುವಂತಿಲ್ಲ. ಪಾಠ ಮಾಡಿದವರು ಅದೇ ದಿನ ಬೇರೊಂದು ಹಾಳೆಯಲ್ಲಿ ತಮ್ಮ ಪಾಠವನ್ನು ತಾವೇ ತೂಗಿ ಬರೆಯಬೇಕು. ಆಮೇಲೆ ಇಬ್ಬರೂ ಎದುರಾಬದುರಾ ಕೂತು ಎರಡನ್ನೂ ಓದಿಕೊಳ್ಳಬೇಕು.

"ಇದು ಪರೀಕ್ಷೆ ಅಲ್ಲ" ಎಂದರು ಪ್ರಾಂಶುಪಾಲರು. "ಯಾರ ಕೆಲಸಕ್ಕೂ ಕುತ್ತಿಲ್ಲ. ಸುಮ್ಮನೆ ಕನ್ನಡಿ ಹಿಡಿದ ಹಾಗೆ."

ಮೇಷ್ಟ್ರಿಗೆ ಜೊತೆಯಾದವಳು ಹೊಸ ಮೇಡಂ. ಎಲ್ಲರ ಮುಂದೆ, "ಬಾ ತಾಯಿ, ಬಾ. ನಮ್ಮ ರೇಡಿಯೋಗೆ ಟಿಕೇಟಿಲ್ಲ" ಎಂದು ನಕ್ಕರು. ಒಳಗೆ ಮಾತ್ರ ಏನೋ ಅಳುಕು. ಇಷ್ಟು ವರ್ಷ ಅವರ ಪಾಠವನ್ನು ಮಕ್ಕಳು ಕೇಳಿದ್ದರು, ಕಿಟಕಿಗೆ ಜೋತುಬಿದ್ದವರು ಕೇಳಿದ್ದರು, ಅದೇ ಕಸುಬಿನವರು ಯಾರೂ ಕೂತು ನೋಡಿರಲಿಲ್ಲ. ಅಂಗಿ ತೊಟ್ಟವನು ಅಂಗಿ ನೋಡುವುದು ಬೇರೆ, ಇನ್ನೊಬ್ಬ ದರ್ಜಿ ಬಂದು ಮಗುಚಿ ಒಳಹೊಲಿಗೆ ನೋಡುವುದು ಬೇರೆ. ತರಗತಿಯಲ್ಲಿ ನಿಜವಾಗಿ ಯಾರಾದರೂ ಬರೆಯುತ್ತಾರೆಯೇ ಎಂದು ಯೋಚಿಸಿದರೆ ಮೇಷ್ಟ್ರಿಗೆ ನೆನಪಾದದ್ದು ತಮ್ಮ ದನಿಯೊಂದೇ.

ಆದ್ದರಿಂದ ಅವರು ಒಂದು ಕೆಲಸ ಮಾಡಿದರು. ಮೇಡಂ ಬರುವ ಹಿಂದಿನ ದಿನ ಅದೇ ಪಾಠವನ್ನು ಅದೇ ಮಕ್ಕಳಿಗೆ ಒಮ್ಮೆ ಮಾಡಿಬಿಟ್ಟರು. ಎಲ್ಲಿ ಪ್ರಶ್ನೆ, ಎಲ್ಲಿ ಉತ್ತರ, ಎಲ್ಲಿ ನಗು, ಎಲ್ಲಿ ಬರೆಯುವುದು, ಎಲ್ಲ ತಾಲೀಮು. ಮಕ್ಕಳಿಗೆ ಮೇಷ್ಟ್ರೆಂದರೆ ಪ್ರಾಣ. ಮದುವೆ ಮನೆಗೆ ಕೆಲಸ ಹಂಚಿಕೊಂಡ ಹಾಗೆ ಉತ್ಸಾಹದಿಂದ ಪಾತ್ರ ಹಂಚಿಕೊಂಡರು.

"ಸರ್, ಗೂಬೆ ಜೋಕಿಗೆ ಇವತ್ತೇ ನಕ್ಕುಬಿಟ್ರೆ ನಾಳೆಗೆ ನಗು ಉಳಿಯುತ್ತಾ?" ಎಂದ ಕಿಟಕಿ ಪಕ್ಕದ ಹುಡುಗ.

"ಅರ್ಧ ನಗು ಮಗಾ, ಅರ್ಧ ಇಟ್ಕೊ."

ಬರೆಯುವ ಸಮಯ ಬಂತು. ನಿಮ್ಮ ಮನೆಯವರೊಬ್ಬರ ಬಗ್ಗೆ ಬರೆಯಿರಿ ಎಂದರು. ಯಾರು ಓದುತ್ತೀರಿ ಎಂದಾಗ ಎಂದೂ ಬಾಯಿ ಬಿಡದ, ಕೊನೆಯ ಬೆಂಚಿನ ಒಬ್ಬಳು ಎದ್ದು ನಿಂತಳು. ಅವಳ ತಾಯಿ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದಾಳೆ ಎಂದು ಆ ದಿನವೇ ಎಲ್ಲರಿಗೂ ತಿಳಿದದ್ದು. ಅವಳು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದಿದಳು:

"ನಮ್ಮಮ್ಮ ಬಸ್ಸು ತೊಳೀತಾಳೆ. ಬಸ್ಸಿನ ತಲೆ ಅವಳಿಗೆ ಎಟುಕಲ್ಲ. ಅದಕ್ಕೆ ಉದ್ದ ಕೋಲಿನ ಬ್ರಷ್ಷು. ಮನೆಗೆ ಬಂದ ಮೇಲೂ ಅವಳ ಕೈ ಮೇಲಕ್ಕೇ ಹೋಗ್ತಿರುತ್ತೆ. ನಿದ್ದೆಯಲ್ಲೂ. ನಾನು ಹಿಡಿದು ಕೆಳಗೆ ಇಡ್ತೀನಿ."

ಅಷ್ಟೇ. ಹಾಳೆ ಕೆಳಗಿಳಿಯಿತು. ಕಿಟಕಿ ಪಕ್ಕದ ಹುಡುಗ ಕೂಡ ತಿರುಗಿ ಅವಳನ್ನು ನೋಡಿದ. ಮೇಷ್ಟ್ರಿಗೂ ಎದೆಯಲ್ಲಿ ಏನೋ ಚುಳ್ಳೆಂದಿತು. ಆದರೆ ಅವರ ತಲೆಯಲ್ಲಿದ್ದದ್ದು ನಾಳೆ. ಇದು ಆಡುಮಾತು, ಶುರುವಿಲ್ಲ, ಕೊನೆಯಿಲ್ಲ, ಒಂದು ಉಪಮೆಯಿಲ್ಲ. ಇದನ್ನು ಕೇಳಿದ ಮೇಡಂ ಮೇಷ್ಟ್ರು ಇಷ್ಟೇನಾ ಕಲಿಸಿದ್ದು ಎಂದುಕೊಂಡರೆ?

"ಚೆನ್ನಾಗಿದೆ ಮಗಾ, ಚೆನ್ನಾಗಿದೆ" ಎಂದರು. "ಆದ್ರೆ ಇನ್ನೂ ಹಸಿಹಸಿ. ಮೇಡಂ ಬರೋ ದಿನ ಸ್ವಲ್ಪ ಬೆಂದಿದ್ದು ಬಡಿಸೋಣ, ಏನಂತೀಯ? ನಾನೊಂದು ಹೇಳ್ತೀನಿ, ಬರ್ಕೊ. ನಾಳೆ ಅದನ್ನೇ ಓದು. ನಿನ್ನ ದನಿ ಚೆನ್ನಾಗಿದೆ."

ಅವಳು ತನ್ನ ಹಾಳೆಯನ್ನು ನಾಲ್ಕಾಗಿ ಮಡಿಸಿ, ಹೊಸ ಹಾಳೆ ತೆಗೆದಳು. ಮೇಷ್ಟ್ರು ಕಣ್ಣು ಮುಚ್ಚಿ, ತಮಗೆ ಬಾಯಿಪಾಠವಾಗಿದ್ದ ಸಾಲುಗಳನ್ನು ಹೇಳಿದರು. ಅಜ್ಜ ತೀರಿಕೊಂಡ ಮೇಲೂ ಅವರ ಕನ್ನಡಕ ಕಿಟಕಿಯ ಮೇಲೆ ಕೂತು ಬೀದಿ ನೋಡುತ್ತಿತ್ತು ಎಂದು ಶುರುವಾಗುವ ಸಾಲುಗಳು. ವರ್ಷ ವರ್ಷವೂ ಮಾದರಿಗೆಂದು ಹೇಳಿ ಹೇಳಿ ಅವು ಅವರ ನಾಲಿಗೆಯ ಮೇಲೆ ನುಣ್ಣಗಾಗಿದ್ದವು.

ಮರುದಿನ ಹೊಸ ಮೇಡಂ ಬಂದು ಹಿಂದಿನ ಗೋಡೆಯ ಪಕ್ಕ ಕೂತಳು. ಪಾಠ ಬೆಣ್ಣೆಯ ಹಾಗೆ ಸಾಗಿತು. ಕೈಗಳು ಎದ್ದವು, ಉತ್ತರಗಳು ಬಂದವು, ಗೂಬೆ ಬಂತು, ನಗು ಬಂತು. ಕೊನೆಯ ಬೆಂಚಿನವಳು ಎದ್ದು ಕನ್ನಡಕದ ಸಾಲುಗಳನ್ನು ಓದಿದಳು. ಮೊದಲ ಸಾಲಾದ ಮೇಲೆ ಒಮ್ಮೆ ತಡವರಿಸಿದಳು, ಮತ್ತೆ ಮುಂದಿನದನ್ನು ಹಿಡಿದು ಮುಗಿಸಿದಳು. ಯಾರೋ ಚಪ್ಪಾಳೆ ತಟ್ಟಿದರು. ಪಾಠ ಮುಗಿದ ಮೇಲೆ ಮೇಷ್ಟ್ರು ತಮ್ಮ ಹಾಳೆ ತೆಗೆದು, ಅದರಲ್ಲಿದ್ದ "ಮಕ್ಕಳ ಸ್ವಂತ ಬರವಣಿಗೆಗೆ ಎಡೆ ಕೊಟ್ಟಿದ್ದೇನೆಯೇ?" ಎಂಬ ಪ್ರಶ್ನೆಯ ಮುಂದೆ "ಅತ್ಯುತ್ತಮವಾಗಿ" ಎಂದು ದುಂಡಗೆ ಬರೆದರು.

ಮಧ್ಯಾಹ್ನ ಖಾಲಿ ತರಗತಿಯಲ್ಲಿ ಇಬ್ಬರೂ ಕೂತರು. ಮೇಷ್ಟ್ರು ತಮ್ಮದನ್ನು ಮೊದಲು ಓದಿದರು, ಗಂಟಲು ಸರಿಮಾಡಿಕೊಂಡು, ಪೂರ್ತಿಯಾಗಿ. ಮೇಡಂ ಕೇಳಿ ತಲೆಯಾಡಿಸಿದಳು.

"ನಾನು ಕಂಡದ್ದಷ್ಟೇ ಓದ್ತೀನಿ ಸರ್" ಎಂದಳು. "ಮೇಷ್ಟ್ರು ಬಾಗಿಲಲ್ಲೇ ಮಾತು ಶುರು ಮಾಡಿದರು. ಮಕ್ಕಳ ಮುಖ ಅರಳಿತು. ಮೇಷ್ಟ್ರು ಬರೆಯಿರಿ ಎಂದರು. ಮಕ್ಕಳು ಪೆನ್ನು ಹಿಡಿದರು. ಅಷ್ಟರಲ್ಲಿ ಮೇಷ್ಟ್ರಿಗೆ ಒಂದು ಕಥೆ ನೆನಪಾಯಿತು. ಮಕ್ಕಳು ಪೆನ್ನು ಕೆಳಗಿಟ್ಟರು. ಮತ್ತೆ ಹಿಡಿದರು. ಇನ್ನೊಂದು ಕಥೆ ನೆನಪಾಯಿತು. ಮತ್ತೆ ಕೆಳಗಿಟ್ಟರು."

ಮೇಷ್ಟ್ರು ನಗಲು ನೋಡಿದರು.

"ಕಿಟಕಿ ಪಕ್ಕದ ಹುಡುಗ, ಗೂಬೆ ಬರುವ ಮೊದಲೇ ನಕ್ಕ."

ಈ ಸಲ ನಗು ಬರಲಿಲ್ಲ. ಅವಳು ಅಲ್ಲಿಗೆ ನಿಲ್ಲಿಸಿ ಹಾಳೆ ಮಡಿಸಿದಳು. ಅಲ್ಲಿಗೆ ಎದ್ದುಹೋಗಿದ್ದರೆ ಮೇಷ್ಟ್ರ ಮಾನ ಅವರ ಹತ್ತಿರವೇ ಉಳಿಯುತ್ತಿತ್ತೋ ಏನೋ. ಆದರೆ ಹೊಗಳಿಕೆ ಉಂಡು ಬೆಳೆದ ಜೀವ, ಖಾಲಿ ಹೊಟ್ಟೆಯಲ್ಲಿ ಏಳಲು ಮನಸ್ಸು ಬರಲಿಲ್ಲ.

"ಅಲ್ಲಾ ತಾಯಿ, ಆ ಹುಡುಗಿ ಓದಿದ್ದರ ಬಗ್ಗೆ ಏನೂ ಬರೀಲಿಲ್ವಲ್ಲ? ಬಾಯೇ ಬಿಡದವಳು ಅವಳು. ಎಂಥಾ ಸಾಲು ಬಂತು ನೋಡಿದ್ಯಾ, ಅವಳ ಕೈಯಲ್ಲಿ?"

ಹೊಸ ಮೇಡಂ ಮಡಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಒಂದು ಸಾಲು ಬಿಟ್ಟಳು ಸರ್."

"ಹಾಂ?"

"ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಅದು ತಲೆ ಎತ್ತಿದಂತೆ ಕಾಣುತ್ತಿತ್ತು. ಇದು ಎರಡನೇ ಸಾಲು. ಬಿಸಿಲು ಬಿದ್ದ ದಿನ ಅದರ ಗಾಜು ಗೋಡೆಯ ಮೇಲೆ ಎರಡು ಬೆಳಕಿನ ಕಣ್ಣು ತೆರೆಯುತ್ತಿತ್ತು ಅನ್ನೋದು ಆಮೇಲೆ ಬರೋದು."

ಮೇಷ್ಟ್ರ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಬಾಯಿಗೆ ಏನು ಹೇಳಬೇಕೆಂದು ತಿಳಿಯದೇ ಹೋದದ್ದು ಅದೇ ಮೊದಲು.

"ನನಗೂ ಬಾಯಿಪಾಠ ಸರ್" ಎಂದಳು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. "ಸಂಜೆ ಕಾಲೇಜಿಗೆ ಯಾರೋ ದೊಡ್ಡವರು ನೋಡೋಕೆ ಬಂದಿದ್ರು. ಅವತ್ತು ಓದಿದ್ದು ನಾನು. ಅವರು ಚಪ್ಪಾಳೆ ತಟ್ಟಿ, ಇಷ್ಟು ಚಿಕ್ಕ ವಯಸ್ಸಿಗೆ ಹೇಗಮ್ಮಾ ಇದೆಲ್ಲ ಹೊಳೆಯುತ್ತೆ ಅಂದ್ರು. ನೀವು ಪಕ್ಕದಲ್ಲೇ ನಿಂತಿದ್ರಿ. ಆಮೇಲೆ ಎಷ್ಟೋ ವರ್ಷ ನಾನು ಏನು ಬರೆಯೋಕೆ ಕೂತ್ರೂ ಆ ಕನ್ನಡಕ ಬಂದು ಮುಂದೆ ಕೂರೋದು. ನನ್ನದು ಅಂತ ಬಂದಿದ್ದೆಲ್ಲ ಅದರ ಮುಂದೆ ಸಪ್ಪೆ ಅನ್ಸೋದು."

"ಅವತ್ತು... ನೀನು ಬರೆದಿದ್ದು ಏನಿತ್ತು ತಾಯಿ? ನಾನು ಬೇಡ ಅಂದಿದ್ದು?"

"ಅದೇ ಬೇಜಾರು ಸರ್. ಅದು ನನಗೂ ಮರೆತುಹೋಗಿದೆ."

ಗೋಡೆಯಾಚೆ ಯಾರೋ ಬೆಂಚು ಎಳೆದ ಸದ್ದಾಯಿತು. ಮೇಷ್ಟ್ರ ಕಣ್ಣ ಮುಂದೆ ಕೋಲು, ಚಪ್ಪಲಿ, ಚಿಕ್ಕಪ್ಪನ ಟೋಪಿ ಸಾಲಾಗಿ ಬಂದು ನಿಂತವು. ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಇಳಿಸಿರಲಿಲ್ಲ. ಅಷ್ಟೂ ಮಂದಿ ಇಳಿಸಿದ್ದು ಮೇಷ್ಟ್ರ ಕನ್ನಡಕವನ್ನೇ. ಅದನ್ನು ಹಿಡಿದುಕೊಂಡು ಅಧ್ಯಾಪಕರ ಕೋಣೆಯಲ್ಲಿ ಅವರು ಗೋಳಾಡುತ್ತಿದ್ದಾಗ ಮೂಲೆಯ ಕುರ್ಚಿಯಲ್ಲಿ ಟೀ ಕುಡಿಯುತ್ತಾ ಇವಳು ಕೂತಿದ್ದಳು, ಎಲ್ಲ ಗೊತ್ತಿದ್ದೂ.

"ಪ್ರಾಂಶುಪಾಲರಿಗೆ ಕೊಡೋ ಹಾಳೆಯಲ್ಲಿ ಇದನ್ನ ಬರೆದಿಲ್ಲ ಸರ್. ಇವತ್ತು ಕಂಡದ್ದು ಮಾತ್ರ ಅಲ್ವಾ ಬರೆಯೋದು. ಇದು ಹಳೇದು." ಅವಳು ಎದ್ದಳು. "ನಿಮ್ಮ ಹಾಳೆ ನಿಮ್ಮದು."

ಆ ಸಂಜೆ ಊಟಕ್ಕೆ ಕೂತಾಗ ಮೇಷ್ಟ್ರು "ಇವತ್ತೇನಾಯ್ತು ಅಂದ್ರೆ" ಎನ್ನಲಿಲ್ಲ. ಅತ್ತೆಯವರು ಕಾದರು. ಯಂತ್ರ ತೆಗೆಯಲು ಕೈ ಕಿವಿಯ ಹತ್ತಿರ ಹೋಗಿತ್ತು, ಅಲ್ಲೇ ನಿಂತಿತು. ಅಳಿಯನ ತುಟಿ ನೋಡಿದರು, ಯಂತ್ರವನ್ನು ಬೆರಳಿನಿಂದ ತಟ್ಟಿದರು, ಮತ್ತೆ ತಟ್ಟಿದರು.

"ಏನೇ, ಇದರ ಬ್ಯಾಟರಿ ಹೋಯ್ತೇನೇ?" ಎಂದು ಮಗಳನ್ನು ಕೇಳಿದರು.

"ಅದರದ್ದಲ್ಲಮ್ಮಾ, ಇವರದ್ದು ಹೋಗಿದೆ" ಎಂದಳು ಹೆಂಡತಿ. ಗಂಡನ ಮುಖ ನೋಡಿ ಅವಳ ನಗು ಅರ್ಧಕ್ಕೆ ನಿಂತಿತು. "ಏನಾಯ್ತ್ರೀ?"

ಮೇಷ್ಟ್ರು ಹೇಳಿದರು. ಎಂದಿನಂತೆ ಕೈ ಬೀಸದೆ, ತಟ್ಟೆ ನೋಡಿಕೊಂಡು. ತಾಲೀಮು ಹೇಳಿದರು, ಬಸ್ಸು ತೊಳೆಯುವ ತಾಯಿಯನ್ನು ಹೇಳಿದರು, ಮೇಡಂ ಬಾಯಿಂದ ಬಂದ ಎರಡನೇ ಸಾಲನ್ನು ಹೇಳಿದರು. ಹೆಂಡತಿ ನಡುವೆ ಬಾಯಿ ಹಾಕಲಿಲ್ಲ. ಕನ್ನಡಕದ ವಿಷಯ ಬಂದಾಗ ಮಾತ್ರ ಅವಳ ಹುಬ್ಬು ಮೇಲೇರಿತು.

"ಯಾವ ಕನ್ನಡಕ? ಕಿಟಕಿ ಮೇಲೆ ಕೂತು ಬೀದಿ ನೋಡೋದಾ?"

"ಹೂಂ."

"ಅದು ನಮ್ಮ ಅಜ್ಜಂದು ಕಣ್ರೀ."

ಮೇಷ್ಟ್ರು ತಲೆ ಎತ್ತಿದರು.

"ಮದುವೆಯಾದ ಹೊಸದರಲ್ಲಿ ನಾನೇ ಹೇಳಿದ್ದು. ಅಜ್ಜ ಹೋದ ಮೇಲೆ ಅಮ್ಮ ಅದನ್ನ ಅಲ್ಲಿಂದ ತೆಗೆಯೋಕೆ ಬಿಡ್ತಿರಲಿಲ್ಲ, ಬೀದಿ ನೋಡ್ಕೊಂಡು ಕೂತಿರಲಿ ಅನ್ನೋಳು ಅಂತ. ನಿಮ್ಮ ಅಜ್ಜ ಯಾವತ್ತು ಕನ್ನಡಕ ಹಾಕಿದ್ರು? ಬರಿಗಣ್ಣಲ್ಲೇ ಸೂಜಿಗೆ ದಾರ ಪೋಣಿಸ್ತಿದ್ರು ಅಂತ ನೀವೇ ಹೇಳ್ತೀರ."

ಅವಳು ಮೊದಲು ನಗಲಿಕ್ಕೇ ಹೊರಟಿದ್ದು. "ನಮ್ಮ ಅಜ್ಜನ್ನ ಇಟ್ಕೊಂಡು ಊರಿನ ಮಕ್ಕಳ ಅಜ್ಜಂದಿರನ್ನೆಲ್ಲ ಸಾಯಿಸಿದ್ರಲ್ಲಾ" ಎಂದಳು. ಆಮೇಲೆ ದನಿ ಬೇರೆಯಾಯಿತು. "ಒಂದು ದಿನಾನಾದ್ರೂ, ಇದು ನನ್ನ ಹೆಂಡತಿ ಹೇಳಿದ್ದು ಅಂದಿದ್ರಾ ಅವರ ಹತ್ರ?"

ಮೇಷ್ಟ್ರು ಅಂದಿರಲಿಲ್ಲ. ಕದ್ದೆ ಎಂದು ಕೂಡ ಅವರಿಗೆ ತಿಳಿದಿರಲಿಲ್ಲ, ಅದೇ ದೊಡ್ಡ ನಾಚಿಕೆ. ಹೇಳುತ್ತಾ ಹೇಳುತ್ತಾ ಆ ಅಜ್ಜ ಅವರ ಅಜ್ಜನೇ ಆಗಿಬಿಟ್ಟಿದ್ದರು. ಎದುರಿಗೆ ಅತ್ತೆಯವರು, ಆ ಕನ್ನಡಕವನ್ನು ಕಿಟಕಿಯಿಂದ ತೆಗೆಯಲು ಬಿಡದವರು, ಈಗ ಯಂತ್ರವನ್ನು ಬಿಗಿಯಾಗಿ ಕಿವಿಗೆ ಒತ್ತಿಕೊಂಡು ಅಳಿಯನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಹಾಳೆಯಲ್ಲಿ "ಅತ್ಯುತ್ತಮವಾಗಿ" ಎಂಬುದನ್ನು ಹೊಡೆದುಹಾಕಿದರು. ಅದರ ಜಾಗಕ್ಕೆ ಏನು ಬರೆಯುವುದೆಂದು ಹೊಳೆಯಲಿಲ್ಲ. ಉದ್ದುದ್ದ ವಾಕ್ಯಗಳು ಬಂದವು, ಎಲ್ಲವೂ ಕೇಳಲು ಚೆಂದ, ಎಲ್ಲವೂ ಅವರನ್ನು ಒಳ್ಳೆಯವರನ್ನಾಗಿ ತೋರಿಸುವಂಥವು. ಕೊನೆಗೆ "ಎಡೆ ಕೊಟ್ಟಿಲ್ಲ. ಮಗು ಬರೆದದ್ದನ್ನು ತೆಗೆಸಿ ನನ್ನದನ್ನು ಓದಿಸಿದೆ" ಎಂದು ಬರೆದು ಪ್ರಾಂಶುಪಾಲರಿಗೆ ಕೊಟ್ಟರು. ಅವರು ಓದಿ, ಮೇಷ್ಟ್ರ ಬೆನ್ನು ತಟ್ಟಿದರು.

"ಎಲ್ಲರೂ ತಮಗೆ ತಾವೇ ಹಾರ ಹಾಕ್ಕೊಂಡಿದಾರೆ, ನೀವೊಬ್ಬರೇ ನೋಡಿ. ದೊಡ್ಡವರ ವಿನಯ ಅಂದ್ರೆ ಇದು!"

"ವಿನಯ ಅಲ್ಲ ಸರ್, ನಡೆದಿದ್ದು."

"ಅದೇ, ಅದೇ" ಎಂದು ಪ್ರಾಂಶುಪಾಲರು ನಕ್ಕರು. ತಪ್ಪು ಒಪ್ಪಿಕೊಳ್ಳಲು ಹೋದವರು ಹೊಗಳಿಕೆ ಹೊತ್ತು ಹೊರಗೆ ಬಂದರು. ಅದನ್ನು ಎಲ್ಲಿ ಇಳಿಸುವುದೋ ತಿಳಿಯಲಿಲ್ಲ.

ಮುಂದಿನ ವಾರ ಅವರು ಮೇಡಂ ತರಗತಿಯಲ್ಲಿ ಕೂರುವ ಸರದಿ. ಅವಳು ಬಂದು ಒಂದೆರಡು ಮಾತು ಹೇಳಿ, ಮೇಜಿಗೆ ಬಗ್ಗಿ ಬರೆಯತೊಡಗಿದಳು. ಮಕ್ಕಳೂ ಬರೆಯತೊಡಗಿದರು. ಪೆನ್ನುಗಳ ಸರಸರ ಬಿಟ್ಟರೆ ಸದ್ದಿಲ್ಲ. ಮೇಷ್ಟ್ರಿಗೆ ನಾಲಿಗೆ ತುರಿಸಿತು. ಎಷ್ಟು ಒಳ್ಳೆಯ ಕಥೆ ಹೇಳಬಹುದಿತ್ತು ಇಲ್ಲಿ, ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ನಾಚಿದರು. ಆಮೇಲೆ ಮೇಡಂ ತಾನು ಬರೆದದ್ದನ್ನು ಮೊದಲು ಓದಿದಳು. ಅದೇನೂ ಅಂಥ ದೊಡ್ಡದಿರಲಿಲ್ಲ. ತನ್ನ ತಮ್ಮ ಬಾಗಿಲು ಹಾಕುವ ರೀತಿಯ ಬಗ್ಗೆ ಏನೋ.

"ಮೇಡಂ, ಕೊನೆ ಸಾಲು ಸುಳ್ಳು ಅನ್ಸುತ್ತೆ" ಎಂದಳು ಮುಂದಿನ ಬೆಂಚಿನ ಒಬ್ಬ ಹುಡುಗಿ.

"ಹೌದಾ? ನನಗೂ ಡೌಟಿತ್ತು" ಎಂದು ಮೇಡಂ ಅದನ್ನು ಹೊಡೆದುಹಾಕಿದಳು. ನಗು ಎದ್ದಿತು. ಯಾರೂ ಹೇಳಿಕೊಟ್ಟಿರದ ನಗು. ತಾವು ಇಷ್ಟು ವರ್ಷದಲ್ಲಿ ಒಮ್ಮೆಯೂ ಮಕ್ಕಳ ಮುಂದೆ ಕೂತು ಬರೆದಿಲ್ಲ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಬರೆದಿದ್ದರೆ ತಿಳಿಯುತ್ತಿತ್ತು, ಕನ್ನಡಕ ಬಿಟ್ಟರೆ ತಮ್ಮ ಹತ್ತಿರ ಬೇರೆ ಸಾಲಿಲ್ಲವೆಂದು.

ಅದೇ ಮಧ್ಯಾಹ್ನ ತಮ್ಮ ತರಗತಿಗೆ ಹೋದರು. ಕ್ಷಮೆ ಕೇಳಬೇಕೆಂದು ನಿಶ್ಚಯ ಮಾಡಿಕೊಂಡಿದ್ದರು. "ನೋಡಿ ಮಕ್ಕಳೇ, ಒಬ್ಬ ಕಳ್ಳನ ಕಥೆ ಹೇಳ್ತೀನಿ" ಎಂದು ಶುರು ಮಾಡಿದರು. ಕಳ್ಳ ಕನ್ನಡಕ ಕದ್ದ, ಅದನ್ನು ಊರ ಮಕ್ಕಳಿಗೆಲ್ಲ ಬಾಡಿಗೆಗೆ ಕೊಟ್ಟ ಎಂದರು. ಕೈ ತಾನಾಗಿ ಬೀಸಿತು, ದನಿ ತಾನಾಗಿ ಏರಿತು, ಮಕ್ಕಳ ಮುಖ ಅರಳಿತು, ಕಿಟಕಿ ಪಕ್ಕದ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಡುವೆ ಮೇಷ್ಟ್ರ ಕಣ್ಣು ಕೊನೆಯ ಬೆಂಚಿಗೆ ಹೋಯಿತು. ಅವಳೊಬ್ಬಳು ನಗುತ್ತಿರಲಿಲ್ಲ.

ನನ್ನ ತಪ್ಪನ್ನೂ ಒಂದು ಆಟ ಮಾಡಿ ಆಡಿಸುತ್ತಿದ್ದೇನೆ ಎಂಬುದು ಆಗ ಅವರಿಗೆ ಕಂಡಿತು. ಕಥೆ ಅರ್ಧಕ್ಕೆ ನಿಂತಿತು.

"ಆಮೇಲೆ ಸರ್? ಕಳ್ಳ ಸಿಕ್ಕಿಬಿದ್ನಾ?" ಎಂದ ಹುಡುಗ.

"ಸಿಕ್ಕಿಬಿದ್ದ" ಎಂದರು ಮೇಷ್ಟ್ರು. "ನಾನೇ ಅವನು. ಕಥೆ ಬೇಡ. ಇವತ್ತು ಬರೀರಿ. ನಾನು ಮಾತಾಡಲ್ಲ."

ಮೇಷ್ಟ್ರು ಮಾತಾಡಲ್ಲ ಎಂದದ್ದಕ್ಕೆ ತರಗತಿ ಇನ್ನಷ್ಟು ನಕ್ಕಿತು. ಅವರು ನಗಲಿಲ್ಲ. ಬೆಂಚುಗಳ ನಡುವೆ ನಡೆದು ಕೊನೆಯವಳ ಹತ್ತಿರ ಹೋಗಿ, ಬಗ್ಗಿ ನಿಂತರು.

"ಮಗಾ, ನಿಮ್ಮಮ್ಮನ ಬಗ್ಗೆ ಬರೆದಿದ್ಯಲ್ಲ..."

"ಹರಿದು ಹಾಕ್ದೆ ಸರ್."

ಸುಲಭವಾಗಿ ಬಂತು ಉತ್ತರ, ಹಳೆಯ ಟಿಕೇಟು ಹರಿದುಹಾಕಿದೆ ಎಂದಷ್ಟು ಸುಲಭವಾಗಿ. ಮೇಷ್ಟ್ರು ಅವಳ ಬೆಂಚಿನ ತುದಿಯಲ್ಲಿ ಕೂತರು.

"ತಪ್ಪು ನಂದು. ಅದು ಹಸಿ ಆಗಿರಲಿಲ್ಲ. ಅದು ನನಗಿಂತ ಚೆನ್ನಾಗಿತ್ತು, ನಾನು ಹೆದರ್ಕೊಂಡೆ."

ಅವಳು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಳು.

"ನಮ್ಮ ತಾತ ಇನ್ನೂ ಇದಾರೆ ಸರ್" ಎಂದಳು. "ಅವತ್ತು ಓದಿದ್ದನ್ನ ನನ್ನ ಫ್ರೆಂಡು ನಮ್ಮನೆಗೆ ಬಂದಾಗ ಹೇಳ್ಬಿಟ್ಟಳು. ನಾನು ಬದುಕಿರೋವಾಗ್ಲೇ ಕನ್ನಡಕ ಕಿಟಕಿಗೆ ಇಟ್ಯಾ ಅಂತ ತಾತ ಬೈದ್ರು. ಅಮ್ಮ ಬೈಲಿಲ್ಲ. ನನ್ನ ಬಗ್ಗೆ ಬರೀಬೇಕು ಅನ್ನಿಸ್ಲಿಲ್ವಾ ಅಂದ್ಲು, ಅಷ್ಟೇ."

ಮೇಷ್ಟ್ರು ಬೆಂಚಿನ ಮೇಲೆ ಯಾರೋ ಕೈವಾರದ ಮುಳ್ಳಿನಲ್ಲಿ ಕೊರೆದಿದ್ದ ಹೂವಿನ ಚಿತ್ರವನ್ನೇ ನೋಡಿದರು.

"ಇನ್ನೊಂದ್ಸಲ ಬರೀತೀಯಾ ಮಗಾ?"

ಅವಳು ಮುಚ್ಚಳವನ್ನು ಪೆನ್ನಿನ ಹಿಂಬದಿಗೆ ಸಿಕ್ಕಿಸಿದಳು.

"ಬರೀತೀನಿ ಸರ್. ಆದ್ರೆ ನಿಮಗೆ ತೋರಿಸಲ್ಲ. ಪಕ್ಕದ ತರಗತಿ ಮೇಡಂಗೆ ಕೊಡ್ತೀನಿ."

ಅಲ್ಲಿಯವರೆಗೆ ಯಾವ ಮಗುವೂ ಅವರಿಗೆ ಹಾಗೆ ಹೇಳಿರಲಿಲ್ಲ. ಬಾಯಿಗೆ ಬಂದ ಮಾತುಗಳೆಲ್ಲ ಹಲ್ಲಿನ ಹಿಂದೆ ಬಂದು ನಿಂತವು. ನಾನೂ ನೋಡಬೇಕು ಮಗಾ, ಒಂದು ಸಲ, ಇಲ್ಲೇ, ಎಂದು. ಮೇಷ್ಟ್ರು ಅವನ್ನು ನುಂಗಿದರು.

"ಆಗಲಿ. ಅಮ್ಮನಿಗೆ ಮೊದಲು ಓದು" ಎಂದರು.

ಎದ್ದು ಮೇಜಿಗೆ ಹೋಗಿ, ಒಂದು ಹಾಳೆ ತೆಗೆದು ಮುಂದಿಟ್ಟುಕೊಂಡರು. ಅದರ ಮೇಲೆ ಏನೂ ಬರಲಿಲ್ಲ. ಮಕ್ಕಳು ಮೊದಲು ಅವರ ಕಡೆ ನೋಡಿದರು, ಈಗ ಮಾತು ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. ಒಬ್ಬೊಬ್ಬರಾಗಿ ತಲೆ ಬಗ್ಗಿಸಿದರು. ಕಿಟಕಿಗೆ ಬಂದು ಜೋತುಬಿದ್ದಿದ್ದ ಪಕ್ಕದ ಹುಡುಗರು, ಇದೇನಪ್ಪಾ ಇವತ್ತು ಎಂದು ಮುಖ ಮುಖ ನೋಡಿಕೊಂಡು ಹೊರಟುಹೋದರು.

ಕೊನೆಯ ಬೆಂಚಿನವಳು ಒಂದು ಸಾಲು ಬರೆದು ನಿಂತಳು. ಏನೋ ನೆನಪಾಗದವಳಂತೆ ಪೆನ್ನು ಬಿಟ್ಟು, ಬಲಗೈಯನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎತ್ತಿದಳು, ಉದ್ದ ಕೋಲು ಹಿಡಿದವರ ಹಾಗೆ. ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಆಡಿಸಿದಳು. ಮೇಷ್ಟ್ರು ನೋಡುತ್ತಿದ್ದಾರೆಂದು ತಿಳಿದು ಕೈ ಗಾಳಿಯಲ್ಲೇ ನಿಂತಿತು.

ಮೇಷ್ಟ್ರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ಅವಳ ಪೆನ್ನು ಓಡಿದ ಸದ್ದು ಕೇಳಿಸಿತು.